ಸಿಂಹ ನೋಡಲು ಹೋದ ಬೀಜದಂಗಡಿಯವರು

ನಮ್ಮ ಮನೆತನದಲ್ಲಿ ಯಾರೂ ಒಂದು ಊರಿಗೆ ಸುಮ್ಮನೆ ಹೋಗಿ ಸುಮ್ಮನೆ ಬಂದ ಉದಾಹರಣೆ ಇಲ್ಲ. ಕದರಮಂಡಲಗಿಯ ಆಂಜನೇಯನ ದರ್ಶನಕ್ಕೆಂದು ಹೊರಟವರು ದಾರಿಯಲ್ಲಿ ಯಾರದೋ ಮದುವೆಯ ಊಟ ಮುಗಿಸಿ, ದೇವರ ಮುಖ ನೋಡದೆಯೇ ಸಂಜೆ ಮನೆಗೆ ಬಂದದ್ದಿದೆ. ಗುತ್ತಲಕ್ಕೆ ಎತ್ತು ನೋಡಲು ಹೋದವರು ಹೆಣ್ಣು ನೋಡಿ ಬಂದದ್ದೂ ಇದೆ. ಆ ಹೆಣ್ಣೇ ಈಗ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಇಂಥವರ ಜೊತೆ ಹೋದ ಮೇಲೆ ಆಫ್ರಿಕಾ ಮಾತ್ರ ನೆಟ್ಟಗೆ ನಡೆದುಬಿಡುತ್ತದೆ ಎಂದು ನಾನು ಹೇಗೆ ನಂಬಿದೆನೋ.

ಬಹುಮಾನ

ನನ್ನ ಮೈದುನನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿಯವರು ಆಗಾಗ ಪರದೇಶ ತೋರಿಸಿಕೊಂಡು ಬರುತ್ತಾರೆ. ಈ ಸಲ ಕೀನ್ಯಾ ದೇಶ, ಕಾಡುಪ್ರಾಣಿಗಳ ಸಫಾರಿ, ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ಟು. ನೆಗೆಣ್ಣಿ ಒಂದೇ ಮಾತಿಗೆ ತಲೆ ಅಲ್ಲಾಡಿಸಿದಳು.

"ಮನ್ಯಾಗ ನಿಮ್ಮ ಹೋರಿ ಸಂಬಾಳಸೂದ ಸಾಕಾಗಿ ಹೋಗೇತಿ ನನಗ. ಮತ್ತ ಅಲ್ಲಿಗೆ ಹೋಗಿ ಪ್ರಾಣಿ ನೋಡಬೇಕೇನು? ಅಕ್ಕಾರನ್ನ ಕರಕೊಂಡು ಹೋಗ್ರಿ. ಅವರು ಅಡವಿ ಸೀಮಿಯವರು, ಅವರಿಗೆ ರೂಢಿ ಐತಿ."

ಹೋರಿಯ ವಿಷಯ ಹೇಳಬೇಕು. ನಮ್ಮ ಹಾವೇರಿ ಕಡೆ ದೀಪಾವಳಿ ಕಾಲಕ್ಕೆ ಹೋರಿಯ ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ. ಯಾರ ಕೈಗೂ ಸಿಗದೆ ಓಡಿದ್ದೇ ಗೆದ್ದಂತೆ. ಮೈದುನ ಅಂಥದ್ದೊಂದನ್ನು ಹೊಲದ ಮನೆಯಲ್ಲಿ ಸಾಕಿದ್ದಾನೆ. ಬೀಜದಂಗಡಿ ಅವನ ಉದ್ಯೋಗ, ಹೋರಿ ಅವನ ಉಸಿರು.

ಇನ್ನು ನಾನು. ಹುಟ್ಟಿದ್ದು ಚಾಮರಾಜನಗರದ ಕಡೆಯ ಕಾಡಂಚಿನ ಹಳ್ಳಿಯಲ್ಲಿ. ಕೊಟ್ಟದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ. ಬಂದ ಹೊಸದರಲ್ಲಿ ಇಡೀ ದಿನ ಸೀನುತ್ತಿದ್ದೆ. ಈಗ ಊರು ಬಿಟ್ಟು ಒಳ್ಳೆಯ ಗಾಳಿಗೆ ಹೋದರೆ ಸೀನು ಬರುತ್ತದೆ. ನಮ್ಮ ಹಳ್ಳಿಯಲ್ಲಿ ಆನೆ ಎಂದರೆ ಪಕ್ಕದ ಮನೆಯವರಿದ್ದಂತೆ. ಆದರೆ ಹುಲಿ ಬಂದಾಗಲೆಲ್ಲ ನಾನು ತಪ್ಪಿಸಿಕೊಂಡೆ. ಒಮ್ಮೆ ಶಾಲೆಯಲ್ಲಿದ್ದೆ, ಒಮ್ಮೆ ಜ್ವರ ಬಂದು ಮಲಗಿದ್ದೆ. ಮತ್ತೊಮ್ಮೆ ಎಲ್ಲರೂ ಕೂಗಿ ಕರೆದು, ನಾನು ಓಡಿ ಬರುವಷ್ಟರಲ್ಲಿ ಬೇಲಿಯಾಚೆ ಬಾಲ ಮಾತ್ರ ಕಂಡಿತು. ಮನೆಯಲ್ಲಿ ಎಲ್ಲರೂ ಮುಖ ನೋಡಿದ್ದರು, ನನ್ನ ತಮ್ಮ ಕೂಡ. ಈ ವಯಸ್ಸಿನಲ್ಲೂ ಅವನು ಆ ಮಾತು ಬಿಟ್ಟಿಲ್ಲ. ಆಫ್ರಿಕಾ ಸುದ್ದಿ ಹೇಳಲು ಫೋನು ಮಾಡಿದರೆ ಅವನ ಮೊದಲ ಮಾತೇ ಇದು:

"ಹೋಗ್ಬುಟ್ಟು ಬಾ ಅಕ್ಕ. ಆದ್ರೆ ನಿನ್ ಹಣೇಲಿ ಬರ್ದಿರದು ಬಾಲನೇ."

ನನಗೆ ಆ ಕ್ಷಣಕ್ಕೆ ಹಟ ಹುಟ್ಟಿತು. ಜಿರಾಫೆ, ಜೀಬ್ರಾ ಎಲ್ಲ ಇರಲಿ ಬಿಡಲಿ, ಒಂದು ಸಿಂಹದ ಮುಖ ನೋಡದೆ ವಾಪಸ್ಸು ಬರುವುದಿಲ್ಲ ಎಂದುಕೊಂಡೆ. ನಮ್ಮ ಮನೆಯವರಿಗೆ ಮಂಡಿನೋವು, ಮೇಲಾಗಿ ಮೆಣಸಿನಕಾಯಿ ಸುಗ್ಗಿ. ಅವರು ಸಂತೋಷದಿಂದಲೇ ಒಪ್ಪಿದರು.

"ಹೋಗಿ ಬಾ. ಹುಲಿ ಕಂಡ್ರ ಫೋಟೋ ತಗದು ಕಳಸು."

"ಆಫ್ರಿಕಾದಲ್ಲಿ ಹುಲಿ ಇರೋದಿಲ್ಲ ರೀ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇರದ ಏನ್ ಮಾಡ್ತಾವ? ಅಷ್ಟು ದೊಡ್ಡ ಅಡವಿ ಖಾಲಿ ಬಿಟ್ಟಿರತಾರೇನು?"

ಖಾಕಿ

ಸಫಾರಿಗೆ ಕಣ್ಣು ಕುಕ್ಕುವ ಬಣ್ಣ ಹಾಕಬಾರದು, ಮಣ್ಣಿನ ಬಣ್ಣದ ಬಟ್ಟೆ ತೊಡಬೇಕು ಎಂದು ಕಂಪನಿಯ ಸಾಹೇಬರು ತಿಳಿಸಿದ್ದರು. ನಾನು ಕಂದು ಬಣ್ಣದ ಎರಡು ಹತ್ತಿ ಸೀರೆ ಹುಡುಕಿ ಇಟ್ಟುಕೊಂಡೆ. ಹೊರಟ ಗಂಡಸರೆಲ್ಲ, ಜೊತೆಗೆ ಬರುವ ಸಾಹೇಬರೂ ಸೇರಿ, ಒಂದೇ ತಾನು ಖಾಕಿ ಬಟ್ಟೆ ಕೊಂಡು, ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ದರ್ಜಿಗೆ ಕೊಟ್ಟರು. ಆತ ಖಾಕಿ ಹೊಲಿಯುವುದರಲ್ಲಿ ಕೈ ಪಳಗಿದವನೆಂದು ಎಲ್ಲರೂ ಹೇಳಿದ್ದರು. ಅದು ಸುಳ್ಳೇನಲ್ಲ. ಆದರೆ ಜೀವಮಾನದಲ್ಲಿ ಆತ ಖಾಕಿ ಹೊಲಿದದ್ದು ಬಸ್ಸಿನ ಕಂಡಕ್ಟರುಗಳಿಗೆ ಮತ್ತು ಡ್ರೈವರುಗಳಿಗೆ. ಅಳತೆ ಕೊಡುವಾಗಲೇ "ಸೀಟಿಗೆ ದಾರ ಇಡ್ಲೇನ್ರಿ?" ಎಂದು ಕೇಳಿದ್ದನಂತೆ. ಫ್ಯಾಷನ್ ಇರಬೇಕು ಎಂದು ಇವರೂ "ಇಡು" ಎಂದಿದ್ದಾರೆ. ಆತ ದಾರದ ತುದಿಗೆ ಕಂಡಕ್ಟರು ಊದುವಂಥ ಒಂದೊಂದು ಸೀಟಿಯನ್ನೂ ತನ್ನ ಕಡೆಯಿಂದಲೇ ಕಟ್ಟಿಕೊಟ್ಟಿದ್ದ.

ಬೆಂಗಳೂರಿಗೆ ಹೋಗುವ ಕಂಪನಿಯ ಬಸ್ಸು ಹತ್ತಲು ಎಲ್ಲರೂ ಬಸ್ ಸ್ಟ್ಯಾಂಡಿನ ಮುಂದೆ ಸೇರಿದೆವು. ಮೈದುನ ಖಾಕಿ ಅಂಗಿ, ಖಾಕಿ ಪ್ಯಾಂಟು, ಎದೆಯ ಮೇಲೆ ಎರಡು ಜೇಬು, ಹೆಗಲ ಪಟ್ಟಿ, ಮೇಲೊಂದು ಟವೆಲು ಹಾಕಿ ನಿಂತಿದ್ದ. ಹೊರದೇಶಕ್ಕೆ ಹೊರಟವನಂತೆ ಅವನು ನನಗೂ ಕಾಣಲಿಲ್ಲ. ಬುಟ್ಟಿ ಹೊತ್ತ ಒಬ್ಬಳು ಮುದುಕಿ ನೆಟ್ಟಗೆ ಅವನ ಹತ್ತಿರ ಬಂದಳು.

"ಯಪ್ಪಾ, ಗುತ್ತಲ ಬಸ್ಸು ಹೋತೇನು?"

"ಇನ್ನೂ ಇಲ್ಲಬೇ. ಈಗ ಬರತೈತಿ. ಅಲ್ಲಿ ನೆರಳಾಗ ಕುಂದರು."

ಆಕೆ ಹೋಗಿ ಕುಳಿತಳು. ಅಷ್ಟರಲ್ಲಿ ಇನ್ನಿಬ್ಬರು ಬಂದು ಹಾವೇರಿ ಬಸ್ಸು ಕೇಳಿದರು. ಅವರಿಗೂ ಉತ್ತರ ಸಿಕ್ಕಿತು. ನನಗೆ ತಡೆಯಲಾಗಲಿಲ್ಲ.

"ಅಲ್ಲಪ್ಪಾ, ಗುತ್ತಲ ಬಸ್ಸಿನ ಟೈಮು ನಿನಗೆ ಗೊತ್ತೇನು?"

"ಇಲ್ಲರಿ ವೈನಿ. ಆದ್ರ ಈ ಡ್ರೆಸ್ ಹಾಕ್ಕೊಂಡು ಗೊತ್ತಿಲ್ಲ ಅಂದ್ರ ಜನ ಏನ್ ತಿಳಕೋಬೇಕು?"

ಟವೆಲಿನ ಹಂಸಗಳು

ವಿಮಾನದಲ್ಲಿ ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕೆಳಗೆ ಸಮುದ್ರ, ಆಮೇಲೆ ಮೋಡ, ಆಮೇಲೆ ಕೆಂಪು ನೆಲ. ಎದೆ ಚಿಕ್ಕ ಹುಡುಗಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಇಳಿದು, ವ್ಯಾನಿನಲ್ಲಿ ಅರ್ಧ ದಿನ ಮೈ ಕುಲುಕಿಸಿಕೊಂಡು ಕಾಡಿನ ಹತ್ತಿರದ ಹೋಟೆಲು ಸೇರಿದೆವು.

ಬಹುಮಾನಕ್ಕೆ ಬಂದವರೆಲ್ಲ ಗಂಡ ಹೆಂಡತಿ ಎಂದೇ ಹೋಟೆಲಿನವರಿಗೆ ತಿಳಿಸಿದ್ದರಂತೆ. ನಮ್ಮಿಬ್ಬರಿಗೆ ಕೊಟ್ಟದ್ದು ಒಂದೇ ಕೋಣೆ. ಬಾಗಿಲು ತೆಗೆದರೆ ದೊಡ್ಡ ಮಂಚ, ಹಾಸಿಗೆಯ ತುಂಬ ಗುಲಾಬಿ ಪಕಳೆ, ನಡುವೆ ಬಿಳಿ ಟವೆಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ಹಚ್ಚಿ ಕೂತಿವೆ. ಮೈದುನ ಹೊಸ್ತಿಲ ಹೊರಗೇ ನಿಂತುಬಿಟ್ಟ. ನನ್ನ ಮುಖ ನೋಡಲಾರ, ಮಂಚ ನೋಡಲಾರ. ಛಾವಣಿ ನೋಡುತ್ತ ಹೇಳಿದ:

"ವೈನಿ, ನೀವು ಒಳಗ ಆರಾಮ ಮಲಕೋರಿ. ನಾ ಹೊರಗ ಕಟ್ಟಿ ಮ್ಯಾಲ ಅಡ್ಡಾಗತೇನಿ."

ಕಟ್ಟೆಯ ಮೇಲೆ ಮಲಗಿದರೆ ಕತ್ತೆಕಿರುಬಗಳು ಬಂದು ಹೋಗುತ್ತವೆ ಎಂದು ಹೋಟೆಲಿನ ಕೆಲಸದವನು ಸನ್ನೆಯಲ್ಲೇ ತಿಳಿಸಿದ. ಮುದುಕ ಮುದುಕಿ ಜಗಳವಾಡಿದ್ದಾರೆ, ಹೆಂಡತಿ ಗಂಡನನ್ನು ಒಳಗೆ ಬಿಡುತ್ತಿಲ್ಲ ಎಂದು ಅವನು ಅರ್ಥ ಮಾಡಿಕೊಂಡಿರಬೇಕು. ಕನಿಕರದಿಂದ ಮೈದುನನ ಬೆನ್ನು ಸವರಿ ಓಡಿಹೋದ. ಸ್ವಲ್ಪ ಹೊತ್ತಿನಲ್ಲಿ ಹೃದಯದ ಆಕಾರದ ಕೇಕು ತಂದು, ಮೈದುನನ ಕೈಗೆ ಕೊಟ್ಟು, ಅದನ್ನು ನನಗೆ ಕೊಡುವಂತೆ ಕಣ್ಣಲ್ಲೇ ಹೇಳಿದ.

ಅದೇ ಹೊತ್ತಿಗೆ ರಾಣೆಬೆನ್ನೂರಿನಿಂದ ನೆಗೆಣ್ಣಿಯ ವಿಡಿಯೋ ಕಾಲ್ ಬಂತು. ಮೈದುನ ಕೇಕು ಹಿಡಿದೇ ಫೋನೆತ್ತಿದ. ನಾನು ನಡೆದದ್ದನ್ನೆಲ್ಲ ಹೇಳಿ ಕೋಣೆ ತೋರಿಸಿದೆ. ಸಾಹೇಬರು ತಮ್ಮ ಕೋಣೆಯಲ್ಲಿ ಮೈದುನನಿಗೆ ಇನ್ನೊಂದು ಮಂಚ ಹಾಕಿಸುತ್ತಿದ್ದಾರೆ ಎಂದೂ ಹೇಳಿದೆ. ಆಕೆಗೆ ಅದ್ಯಾವುದೂ ಬೇಕಿರಲಿಲ್ಲ. ಹಂಸಗಳನ್ನೇ ನೋಡುತ್ತಿದ್ದಳು.

"ಅಕ್ಕಾರ, ಲಗ್ನ ಆಗಿ ಇಷ್ಟು ವರ್ಷ ಆತು. ನಮ್ಮ ಮನ್ಯಾಗ ಇವರು ಟವೆಲ್ ಮಡಿಚಿಟ್ಟಿದ್ದು ಸೈತ ನಾ ನೋಡಿಲ್ಲ. ಅಲ್ಲಿಯವರು ಅದರಾಗ ಪಕ್ಷಿ ಮಾಡ್ಯಾರ."

ಹೊಲ ಕಾಯ್ದವರು

ಮರುದಿನ ಬೆಳಗ್ಗೆ ಮೊದಲ ಸಫಾರಿ. ಮೇಲೆ ತೆರೆದುಕೊಳ್ಳುವ ವ್ಯಾನು, ಸುತ್ತ ಕಣ್ಣು ಹಾಯುವಷ್ಟೂ ಹುಲ್ಲು. ಜೀಬ್ರಾಗಳು ನಮ್ಮೂರ ದನಗಳಂತೆ ದಾರಿಗೆ ಅಡ್ಡ ನಿಂತಿದ್ದವು. ಜಿರಾಫೆಯೊಂದು ಮರದ ಮೇಲಿಂದ ನಮ್ಮನ್ನು ಬಗ್ಗಿ ನೋಡಿತು. ನನಗೆ ಎಲ್ಲಿ ನೋಡಲಿ, ಎಲ್ಲಿ ಬಿಡಲಿ ಎನ್ನುವ ಹಾಗಾಯಿತು.

ಡ್ರೈವರು ಆ ದೇಶದವನೇ, ಮಾತು ಕಡಿಮೆ. ಒಂದು ಕಡೆ ಗಾಡಿ ನಿಲ್ಲಿಸಿ ಬಾಯಿಯ ಮೇಲೆ ಬೆರಳಿಟ್ಟ. ಮುಂದೆ ಹಸಿರು ಹುಲ್ಲಿನಲ್ಲಿ ಜಿಂಕೆಗಳ ಹಿಂಡು. ಆಚೆ ಎತ್ತರದ ಹುಲ್ಲಿನ ಕಡೆ ಅವನು ಕೈ ತೋರಿಸಿದ. ಸಾಹೇಬರು ಪಿಸುಗುಟ್ಟಿ ಕನ್ನಡದಲ್ಲಿ ತಿಳಿಸಿದರು: "ಹೆಣ್ಣು ಸಿಂಹ ಹೊಂಚು ಹಾಕಾಕತ್ತೈತಂತ. ಇನ್ನೇನು ಹಾರತೈತಂತ. ಯಾರೂ ಉಸುರು ಬಿಡಬ್ಯಾಡ್ರಿ." ನಾನು ಸೀಟಿನ ಕಂಬಿ ಹಿಡಿದು ಆ ಹುಲ್ಲನ್ನೇ ನೋಡುತ್ತ ಕುಳಿತೆ. ಹುಲ್ಲು ಅಲ್ಲಾಡಿತು. ಕಿವಿಯಂಥದ್ದೇನೋ ಕಂಡಿತು. ಇನ್ನು ಮುಖ ಏಳುವುದೊಂದೇ ಬಾಕಿ.

ಆದರೆ ನಮ್ಮ ಜೊತೆಗಿದ್ದವರು ರಾಣೆಬೆನ್ನೂರಿನವರು. ಅಲ್ಲಿ ಕೃಷ್ಣಮೃಗಗಳು ಹಿಂಡಾಗಿ ಹೊಲಕ್ಕೆ ನುಗ್ಗಿ ಮೊಳಕೆ ಮೇಯುತ್ತವೆ. ಹುಟ್ಟಿದಾಗಿನಿಂದ ಅವನ್ನು ಓಡಿಸಿ ಓಡಿಸಿ ಇವರ ಕೈಕಾಲು ಪಳಗಿವೆ. ಹಸಿರಿನಲ್ಲಿ ಜಿಂಕೆ ತಲೆ ತಗ್ಗಿಸಿ ಮೇಯುವುದನ್ನು ಎಷ್ಟು ಹೊತ್ತು ನೋಡಿಯಾರು? ಹಿಂದಿನ ಸೀಟಿನಲ್ಲಿದ್ದ ಒಬ್ಬರು ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತು, "ಹೋಯ್, ಹುರ್ರಾ" ಎಂದು ಚಪ್ಪಾಳೆ ತಟ್ಟಿದರು. ಅವರ ದನಿ ಕೇಳಿ ಮೈದುನನೂ "ಹೋ ಹೋ ಹೋ" ಎಂದ. ಮತ್ತೊಬ್ಬರು ದರ್ಜಿ ಕೊಟ್ಟ ಸೀಟಿ ಊದಿದರು.

ಜಿಂಕೆಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಹುಲ್ಲಿನಿಂದ ಸಿಂಹಿಣಿ ಎದ್ದಳು. ನಮಗೆ ಬೆನ್ನು ಹಾಕಿಯೇ ಎದ್ದಳು. ತಿರುಗಿ ಸಹ ನೋಡದೆ, ಬೇಸರದಿಂದ ಬಾಲ ಬೀಸುತ್ತ ಹೊರಟುಹೋದಳು. ಡ್ರೈವರು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ. ಆಮೇಲೆ ಏನೋ ಹೇಳಿದ. ಸಾಹೇಬರು ಹೇಳಲೋ ಬೇಡವೋ ಎಂದು ಹೇಳಿದರು:

"ಸಿಂಹದ ಬಾಯಾಗಿಂದ ಕತ್ತೆಕಿರುಬ ಕಸಕೊಂಡಿದ್ದು ನೋಡ್ಯಾನಂತ. ಕಾಡೆಮ್ಮೆ ಹಾಯ್ದು ಓಡಿಸಿದ್ದೂ ನೋಡ್ಯಾನಂತ. ಬೀಜದಂಗಡಿಯವರು ಊಟ ಬಿಡಿಸಿದ್ದು ಇದ ಮೊದಲಂತ."

ಹಿಂದಿನ ಸೀಟಿನವರು ಮಾತ್ರ ಇನ್ನೂ ಸಮಾಧಾನದಲ್ಲಿದ್ದರು. "ಏನರ ಆಗಲಿ, ಬೆಳಿ ಉಳೀತು."

ಸಾಹೇಬರ ಬೆನ್ನು

ಅದರ ಮರುದಿನ ಡ್ರೈವರಿನ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಹಳ್ಳದ ಹತ್ತಿರ ಗಂಡು ಸಿಂಹ ಮಲಗಿದೆ. ಗಾಡಿ ಹಾರಿಕೊಂಡು ಹೋಯಿತು. ಈ ಸಲ ನಾನು ಮೊದಲೇ ಎಲ್ಲರಿಗೂ ಕೈಮುಗಿದು ಹೇಳಿದ್ದೆ: "ಯಾರೂ ಏನನ್ನೂ ಓಡಿಸಬೇಡಿ, ನಿಮ್ಮ ದಮ್ಮಯ್ಯ." ಸೀಟಿಗಳನ್ನೆಲ್ಲ ನನ್ನ ಚೀಲಕ್ಕೆ ಹಾಕಿಸಿಕೊಂಡಿದ್ದೆ.

ಪೊದೆಯ ಹಿಂದೆ ಸಿಂಹ ಮಲಗಿತ್ತು. ಈಚೆಗೆ ಚಾಚಿದ ಬಾಲ, ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ತಾಳ್ಮೆಯಿಂದ ಕಾದೆವು. ಕೊನೆಗೆ ಪೊದೆ ಅಲ್ಲಾಡಿತು. "ಎದ್ದಿತು" ಎಂದು ಯಾರೋ ಅಂದರು. ಅದೇ ಗಳಿಗೆಗೆ ಸಾಹೇಬರೂ ಎದ್ದರು. ಸಾಹೇಬರು ಒಳ್ಳೆಯ ಮನುಷ್ಯರು, ಆದರೆ ಆಳು ಅಗಲ. ಗಾಡಿಯ ಮೇಲ್ಛಾವಣಿ ತೆರೆದ ಜಾಗವನ್ನು ಪೂರಾ ತುಂಬಿಕೊಂಡು ನಿಂತರು.

"ಸಾಹೇಬರೇ, ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದೆ.

"ಒಂದ ನಿಮಿಷ ಅಮ್ಮಾರ, ಆಹಾ, ಏನ ಮುಖಾ ಐತಿ, ಏನ ಗತ್ತು ಐತಿ" ಎನ್ನುತ್ತ ಅವರು ಇನ್ನಷ್ಟು ಅಗಲವಾದರು.

ಅವರು ಸರಿಯುವಷ್ಟರಲ್ಲಿ ಸಿಂಹವೂ ಸರಿದಿತ್ತು. ಹಳ್ಳ ಇಳಿಯುವ ಬಾಲ ಕಂಡಿತು.

ಮಧ್ಯಾಹ್ನ ತಮ್ಮನ ಫೋನು. "ಏನಕ್ಕ, ನೋಡ್ದಾ?"

"ನೋಡಿದೆ."

"ಮುಖನಾ?"

ನಾನು ಜಿರಾಫೆಯ ವಿಷಯ ತೆಗೆದೆ. ಅವನು ನಕ್ಕ ನಗು ಚಾಮರಾಜನಗರದಿಂದ ಫೋನಿಲ್ಲದೆಯೂ ಕೇಳಿಸುತ್ತಿತ್ತು. ಅಲ್ಲಿಯವರೆಗೆ ಆಫ್ರಿಕಾದಲ್ಲಿ ನಾನು ಅತಿ ಹತ್ತಿರದಿಂದ, ಅತಿ ಸ್ಪಷ್ಟವಾಗಿ ಕಂಡದ್ದೆಂದರೆ ಸಾಹೇಬರ ಬೆನ್ನ ಮೇಲಿನ ರಾಣೆಬೆನ್ನೂರು ದರ್ಜಿಯ ಹೊಲಿಗೆ.

ಟವೆಲಿನ ಕೆಳಗೆ

ಅಂದು ಸಂಜೆ ಮಸಾಯಿ ಜನರ ಹಳ್ಳಿಗೆ ಕರೆದುಕೊಂಡು ಹೋದರು. ಕೆಂಪು ಹೊದಿಕೆ ಹೊದ್ದ ಎತ್ತರದ ಜನ, ಮುಳ್ಳಿನ ಬೇಲಿ, ನಡುವೆ ದನದ ದೊಡ್ಡಿ. ಹೆಂಗಸರು ಮಣಿಸರ ತೋರಿಸುತ್ತಿದ್ದರು. ಗಂಡಸರು ನಿಂತಲ್ಲೇ ಎತ್ತರಕ್ಕೆ ಜಿಗಿದು ಕುಣಿದರು. ನಾವೆಲ್ಲ ಅದನ್ನು ನೋಡುತ್ತಿದ್ದರೆ ಮೈದುನ ಮಾತ್ರ ಅಲ್ಲಿರಲಿಲ್ಲ. ದೊಡ್ಡಿಯಲ್ಲಿ ಒಂದು ಹೋರಿಯ ಮುಂದೆ ಮೈಮರೆತು ನಿಂತಿದ್ದ. ಮೈಯೆಲ್ಲ ಬೂದು, ಹೆಗಲ ಮೇಲೆ ಗೋಪುರದಂಥ ದೊಡ್ಡ ಇಣಿ, ಕೋಡು ಎರಡೂ ಒಂದೇ ಸಮ. ನಾಲ್ಕು ದಿಕ್ಕಿನಿಂದಲೂ ನೋಡಿ, ಬೆನ್ನು ಚಪ್ಪರಿಸಿ, ತುಟಿ ಎತ್ತಿ ಹಲ್ಲು ನೋಡಿದ.

"ನಾಕ ಹಲ್ಲು ವೈನಿ. ಎಳೀದ ಐತಿ. ಇದಕ್ಕ ಕೊಬ್ಬರಿ ಕಟ್ಟಿ ಬಿಟ್ರ ಹಾವೇರಿ ಸೀಮ್ಯಾಗ ಯಾರ ಕೈಗೂ ಸಿಗಂಗಿಲ್ಲ."

ಹೋರಿಯ ಯಜಮಾನ, ಬಿಳಿ ಗಡ್ಡದ ಹಿರಿಯರು, ಹತ್ತಿರ ಬಂದು ನಿಂತರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಇವನು ಹೋರಿಯ ಕಾಲು ತೋರಿಸಿ ತಲೆದೂಗಿದರೆ ಅವರು ಎದೆ ತೋರಿಸಿ ತಲೆದೂಗುತ್ತಿದ್ದರು. ಹೀಗೇ ತಲೆದೂಗಿ ತಲೆದೂಗಿ ಮೈದುನನಿಗೆ ತಾನು ಯಾವ ದೇಶದಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಇಬ್ಬರೂ ಟವೆಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ. ಇವನು ಹೆಗಲ ಟವೆಲು ತೆಗೆದು ಕೈ ಮೇಲೆ ಹಾಸಿ ಮುಂದೆ ಚಾಚಿದ. ಹಿರಿಯರು ಒಂದು ಕ್ಷಣ ನೋಡಿ, ತಮ್ಮ ಕೈಯನ್ನೂ ಒಳಗೆ ಸೇರಿಸಿದರು. ಬೆರಳುಗಳು ಆಡಿದವು. ಇಬ್ಬರೂ ಹುಬ್ಬೇರಿಸಿದರು, ತಲೆ ಅಲ್ಲಾಡಿಸಿದರು, ಮತ್ತೆ ಹಿಡಿದರು. ಕೊನೆಗೆ ಇಬ್ಬರೂ ಒಟ್ಟಿಗೆ ನಕ್ಕರು. ಮೈದುನ ಕೈಗಡಿಯಾರ ಬಿಚ್ಚಿ ಅವರ ಕೈಗೆ ಕಟ್ಟಿದ.

ಬಂದು ವ್ಯಾನು ಹತ್ತಿದ ಮೇಲೆ ಕೇಳಿದೆ: "ಗಡಿಯಾರ ಯಾಕೆ ಕೊಟ್ಟೆ?"

"ಸಂಚಕಾರ ವೈನಿ. ಯವಹಾರ ಕುದುರಿದ ಮ್ಯಾಲ ಮುಂಗಡ ಕೊಡಬೇಕಲ್ರಿ, ರೂಢಿ ಅದು. ಏನ್ ಚಲೋ ಮನಷ್ಯಾ. ನಮ್ಮ ಸಂತ್ಯಾಗಿದ್ರ ನಾವಿಬ್ಬರೂ ದೋಸ್ತ ಆಗತಿದ್ವಿ."

"ಕುದುರಿದ ರೇಟು ಎಷ್ಟು?"

ಅವನು ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. "ಅದ ತಿಳೀಲಿಲ್ಲ ನೋಡ್ರಿ. ಅವರು ಯಾವ ಬೆರಳಿಗೆ ಏನಂತಾರೋ."

ಗೇಟಿನಲ್ಲಿ ಹೋರಿ

ಮಾರನೆಯ ಬೆಳಗ್ಗೆ ಕೊನೆಯ ಸಫಾರಿ. ಅದು ಮುಗಿದರೆ ಊರಿಗೆ ಹೊರಡುವುದು. ನಾನು ಎಲ್ಲರಿಗಿಂತ ಮೊದಲೇ ತಯಾರಾಗಿ, ಸಾಹೇಬರಿಗೆ ಹಿಂದಿನ ಸೀಟು ತೋರಿಸಿ, ಮುಂದಿನ ಸೀಟು ಹಿಡಿದು ಕುಳಿತೆ. ಗಾಡಿ ಹೋಟೆಲಿನ ಗೇಟಿಗೆ ಬಂದು ನಿಂತಿತು. ಗೇಟಿನ ಕಂಬಕ್ಕೆ ಬೂದು ಹೋರಿ ಕಟ್ಟಿತ್ತು. ಪಕ್ಕದಲ್ಲಿ ಹಿರಿಯರು, ಅವರ ಇಬ್ಬರು ಮಕ್ಕಳು. ಹಿರಿಯರ ಕೈಯಲ್ಲಿ ನಮ್ಮ ಗಡಿಯಾರ.

ಡ್ರೈವರು ಇಳಿದು ಮಾತಾಡಿ ಬಂದ. ಅವನು ಸಾಹೇಬರಿಗೆ ಹೇಳಿದ, ಸಾಹೇಬರು ನಮಗೆ ಹೇಳಿದರು: "ಹೋರಿ ಮಾರಾಟ ಆಗೇತಂತ. ಹೊಡಕೊಂಡು ಹೋಗ್ರಿ ಅಂತಾರ."

ಸಾಹೇಬರ ಮುಖ ಬಿಳಿಚಿತು. "ಆಗಂಗಿಲ್ಲ ಅಂತ ಹೇಳಿ ಗಡಿಯಾರ ಬಿಟ್ಟು ಬಂದ್ಬಿಡ್ರಿ ಅಣ್ಣಾರ" ಎಂದು ಮೈದುನನಿಗೆ ಹೇಳಿದರು.

ಮೈದುನ ಎದೆ ಸೆಟೆಸಿದ. "ಟವೆಲ್ ಒಳಗ ಕೈ ಕೊಟ್ಟ ಮ್ಯಾಲ ನಮ್ಮ ಮನೆತನದಾಗ ಯಾರೂ ಮಾತು ತಿರಗಿಸಿಲ್ಲ."

"ಹಂಗಾದ್ರ ವಿಮಾನದಾಗ ಹೋರಿನ್ನ ಎಲ್ಲಿ ಕುಂದರಸ್ತೀರಿ?"

"ಅದನ್ನ ವಿಚಾರ ಮಾಡಾಕತ್ತೇನಿ."

ಉಳಿದವರು ಬೇರೆ ವ್ಯಾನು ಹತ್ತಿ ಸಿಂಹ ನೋಡಲು ಹೊರಟೇ ಹೋದರು. ನಾನು ಮುಂದಿನ ಸೀಟಿನಲ್ಲಿ ಕುಳಿತೇ ಅವರ ಧೂಳು ನೋಡಿದೆ. ಇಷ್ಟು ದೂರ ಬಂದು, ಹೋರಿಯೊಂದರ ದೆಸೆಯಿಂದ ಸಿಂಹ ತಪ್ಪಬೇಕೆ? ಸಿಟ್ಟಿನಲ್ಲೇ ಇಳಿದೆ. ಸಿಟ್ಟಿನಲ್ಲೇ ದಾರಿಯೂ ಹೊಳೆಯಿತು. ನಮ್ಮಲ್ಲಿ ದನ ಕೊಂಡು, ಸಾಕಲು ಜಾಗವಿಲ್ಲದವರು ಅದನ್ನು ಇನ್ನೊಬ್ಬರ ಬಳಿ ಪಾಲಿಗೆ ಬಿಡುತ್ತಾರೆ. ದನ ಇವರದು, ಮೇವು ಅವರದು, ಲಾಭ ಇಬ್ಬರದು.

"ಪಾಲಿಗೆ ಬಿಡಪ್ಪಾ" ಎಂದೆ. "ಹೋರಿ ಅವರ ಹತ್ತಿರವೇ ಇರಲಿ. ಉಳಿದ ದುಡ್ಡು ನಿನ್ನ ಪಾಲಿನ ಲಾಭದಲ್ಲಿ ಮುರಿದುಕೊಳ್ಳಲಿ."

ಸಾಹೇಬರು ಡ್ರೈವರಿಗೆ ಹೇಳಿದರು, ಡ್ರೈವರು ಹಿರಿಯರಿಗೆ ಹೇಳಿದ. ಹಿರಿಯರು ಬಹಳ ಹೊತ್ತು ನಕ್ಕು, ಮೈದುನನ ಎರಡೂ ಕೈ ಹಿಡಿದು ಒಪ್ಪಿಕೊಂಡರು. ಒಪ್ಪದೆ ಏನು? ಹೋರಿ ಅವರ ಹತ್ತಿರ, ಗಡಿಯಾರ ಅವರ ಹತ್ತಿರ, ಮಾಲಕ ಮಾತ್ರ ರಾಣೆಬೆನ್ನೂರಿನಲ್ಲಿ.

ಮುಖ

ಅಷ್ಟಕ್ಕೆ ಹೊರಟಿದ್ದರೆ ಸಫಾರಿಯ ಕೊನೆಯ ಭಾಗವಾದರೂ ಸಿಗುತ್ತಿತ್ತು. ಮೈದುನ ಕೇಳಬೇಕಲ್ಲ. "ಮೊದಲನೇ ದಿನ ವೈನಿ, ನನ್ನ ಹೋರಿ ದೊಡ್ಡಿ ಮುಟ್ಟೂ ಮಟಾ ನೋಡಿ ಬರತೇನಿ" ಎಂದು ಕೂತ. ಹಾಗಾಗಿ ಮುಂದೆ ಹೋರಿ, ಹೋರಿಯ ಜೊತೆ ಹಿರಿಯರು ಮತ್ತು ಮಕ್ಕಳು, ಅವರ ಹಿಂದೆ ದಿಬ್ಬಣದ ಹಾಗೆ ನಮ್ಮ ಸಫಾರಿ ಗಾಡಿ. ಎತ್ತಿನ ಗಾಡಿಗಿಂತ ನಿಧಾನ. ನಾನು ಮುಖ ಊದಿಸಿಕೊಂಡು ಕುಳಿತಿದ್ದೆ. ಮೈದುನ ಮೇಲೆದ್ದು ನಿಂತು ನನ್ನ ಫೋನಿನಿಂದ ಹೋರಿಯ ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದ.

ಒಂದು ಒಂಟಿ ಮರದ ಹತ್ತಿರ ಹೋರಿ ಗಕ್ಕನೆ ನಿಂತಿತು. ಕಿವಿ ನೆಟ್ಟಗಾದವು. ಹಿರಿಯರು ಕೈ ಎತ್ತಿದರು. ಡ್ರೈವರು ಗಾಡಿ ಆಫ್ ಮಾಡಿದ.

ಮರದ ನೆರಳಿನಲ್ಲಿ ಸಿಂಹ ಕೂತಿತ್ತು.

ಗಂಡು ಸಿಂಹ. ನಮ್ಮ ಕಡೆಗೇ ಮುಖ ಮಾಡಿ ಕೂತಿತ್ತು. ಪೊದೆ ಇಲ್ಲ, ಎತ್ತರದ ಹುಲ್ಲಿಲ್ಲ, ಸಾಹೇಬರ ಬೆನ್ನಿಲ್ಲ. ಕೇಸರ ಗಾಳಿಗೆ ಅಲ್ಲಾಡುತ್ತಿತ್ತು. ಮೂಗಿನ ಮೇಲೆ ಹಳೆಯ ಗಾಯದ ಗೆರೆ. ಕಣ್ಣು ಜೇನಿನ ಬಣ್ಣ. ಆ ಕಣ್ಣು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ನನಗೆ ತಣ್ಣಗೆ ಬೆವರು ಬಂತು, ಅಳು ಬಂತು, ನಗುವೂ ಬಂತು. ಬ್ಯಾಡಗಿಯಲ್ಲಿ ಇಷ್ಟು ಕಾಲ ಬಾಳಿ ಮರೆತಿದ್ದ ಮಾತು ತಾನಾಗಿ ಹೊರಟಿತು: "ಅಯ್ಯೋ ನನ್ನಪ್ಪ, ಕೊನೆಗೂ ತೋರುಸ್ದಲ್ಲ."

ಸಿಂಹ ನಿಧಾನಕ್ಕೆ ಬಾಯಿ ತೆರೆದು ಆಕಳಿಸಿತು. ಕೋರೆಹಲ್ಲು, ಗುಲಾಬಿ ನಾಲಿಗೆ, ಗಂಟಲವರೆಗೆ ಎಲ್ಲ ಕಂಡಿತು. ನನ್ನ ಪಕ್ಕದಲ್ಲಿ ಮೈದುನ ಕಣ್ಣು ಕಿರಿದು ಮಾಡಿ ನೋಡಿದ.

"ಬಾಯಿ ಕೂಡೇತಿ ವೈನಿ. ವಯಸ್ಸಾಗೇತಿ. ಕೊಳ್ಳಬಾರದು."

ಹಿರಿಯರ ಮಕ್ಕಳು ಕೋಲೆತ್ತಿ ಒಂದು ಹೆಜ್ಜೆ ಮುಂದಿಟ್ಟು ಕೂಗಿದರು. ಮಸಾಯಿಗಳ ಕೆಂಪು ಹೊದಿಕೆ ಎಂದರೆ ಸಿಂಹಕ್ಕೂ ಹೆದರಿಕೆಯಂತೆ. ಅದು ಎದ್ದು, ಅವಸರ ತೋರಿಸದ ಹಾಗೆ ಅವಸರದಿಂದ ಹೊರಟುಹೋಯಿತು. ಸಫಾರಿಗೆ ಹೋದವರು ಮಧ್ಯಾಹ್ನ ವಾಪಸ್ಸು ಬಂದರು. ಇಡೀ ಬೆಳಗು ಅವರಿಗೆ ಸಿಕ್ಕಿದ್ದು ಒಂದು ಆಮೆ.

ಫ್ರೇಮು

ಬ್ಯಾಡಗಿಗೆ ಬಂದ ಕೂಡಲೇ ತಮ್ಮನಿಗೆ ಫೋನು ಮಾಡಿದೆ. "ಮುಖ ನೋಡಿದೆ" ಎಂದೆ. "ಫೋಟೋ ಕಳ್ಸು" ಎಂದ. ಆಗ ಫೋನು ತೆಗೆದು ನೋಡುತ್ತೇನೆ: ಹೋರಿಯ ಎಡಮೈ, ಹೋರಿಯ ಬಲಮೈ, ಹೋರಿಯ ಇಣಿ, ಕೋಡು, ಗೊರಸು. ಸಿಂಹ ಎದುರಿಗೆ ಕೂತಿದ್ದಾಗ ಮೈದುನ ತೆಗೆದದ್ದು ಹೋರಿಯ ನೆಟ್ಟಗಾದ ಕಿವಿಗಳು. ಸಿಂಹ ಎದ್ದು ಹೋಗುವಾಗ ತೆಗೆದ ಒಂದರಲ್ಲಿ, ಹೋರಿಯ ಹಿಂದೆ, ಮೂಲೆಯಲ್ಲಿ, ಕಪ್ಪು ಕುಚ್ಚಿನ ಬಾಲ ಬಿದ್ದಿತ್ತು. ಬೇರೆ ಸಾಕ್ಷಿ ಇರಲಿಲ್ಲ. ಅದನ್ನೇ ಕಳಿಸಿದೆ.

"ನಾನೇನ್ ಹೇಳಿದ್ದೆ ಅಕ್ಕ?" ಎಂದ ತಮ್ಮ.

ನನ್ನನ್ನು ಮನೆ ಮುಟ್ಟಿಸಲು ಬಂದಿದ್ದ ಮೈದುನನನ್ನು ಫೋನಿಗೆ ಕರೆದೆ. "ಸಿಂಹದ ಮುಖ ನೋಡಿದ್ದು ಖರೇ ಅಂತ ಹೇಳು."

"ಸಿಂಹಾ? ಹಾಂ, ಇತ್ತರಿ ಅಲ್ಲೊಂದು" ಎಂದ ಅವನು. "ಆದ್ರ ನೀವು ನಮ್ಮ ಹೋರಿ ನೋಡಬೇಕಿತ್ತರಿ."

ತಮ್ಮ ಆ ತಿಂಗಳೇ ನಮ್ಮೂರಿಗೆ ಬಂದ. ಮೈದುನ ಆ ಫೋಟೋ ದೊಡ್ಡದು ಮಾಡಿಸಿ ಅಂಗಡಿಯಲ್ಲಿ ಹಾಕುತ್ತಿದ್ದಾನೆ ಎಂದು ಕೇಳಿ ನನಗೆ ಜೀವ ಬಂದಿತ್ತು. ದೊಡ್ಡದಾದರೆ ಅದು ಸಿಂಹದ್ದೇ ಬಾಲ, ಅದೂ ಕೂಗಳತೆಯ ದೂರದ್ದು ಎಂದು ಕುರುಡನಿಗೂ ತಿಳಿದೀತು. ಅಷ್ಟು ಹತ್ತಿರ ಬಾಲ ಇದ್ದಮೇಲೆ ಮುಖವೂ ಇದ್ದಿರಲೇಬೇಕಲ್ಲ. ತಮ್ಮನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಸ್ಟುಡಿಯೋದವನು ಆಗ ತಾನೇ ಫ್ರೇಮು ತಂದು ಗೋಡೆಗೆ ತೂಗುಹಾಕುತ್ತಿದ್ದ. ಬೀಜ ಕೊಳ್ಳಲು ಬಂದ ರೈತರು ಸುತ್ತ ನಿಂತಿದ್ದರು.

"ಯಾವೂರ ಹೋರಿ ಅಣ್ಣಾರ?" ಎಂದರು ಒಬ್ಬರು.

"ಆಫ್ರಿಕಾದ್ದು. ನಮ್ಮದ. ಅಲ್ಲೆ ಪಾಲಿಗೆ ಬಿಟ್ಟೇನಿ" ಎಂದ ಮೈದುನ, ಗುತ್ತಲದಲ್ಲಿ ಬಿಟ್ಟವನ ಹಾಗೆ.

ನಾನು ಕನ್ನಡಕ ಒರೆಸಿಕೊಂಡು, ತಮ್ಮನ ಕೈ ಹಿಡಿದು ಹತ್ತಿರ ಹೋದೆ. "ಹೋರಿ ಬಿಡು, ಆ ಮೂಲೆ ನೋಡು" ಎಂದೆ. ತಮ್ಮ ಮೂಲೆ ನೋಡಿದ. ನಾನೂ ನೋಡಿದೆ. ಅಲ್ಲಿ ಹಸಿರು ಹುಲ್ಲು, ನೀಲಿ ಆಕಾಶ, ಮತ್ತೇನೂ ಇರಲಿಲ್ಲ.

ಸ್ಟುಡಿಯೋದವನು ಮೊಳೆ ಬಡಿಯುವುದು ನಿಲ್ಲಿಸಿ, ಒಳ್ಳೆಯ ಕೆಲಸ ಮಾಡಿದವನ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದ.

"ಆ ಮೂಲ್ಯಾಗ ಯಾವುದೋ ನಾಯಿ ಬಾಲ ಬಿದ್ದಿತ್ತರಿ ಅಮ್ಮಾರ, ಇಷ್ಟು ಚಲೋ ಫೋಟೋ ಕೆಡಸಿತ್ತು. ತಗದು ಸ್ವಚ್ಛ ಮಾಡೇನಿ. ಅದಕ್ಕ ಬ್ಯಾರೆ ರೊಕ್ಕ ಏನೂ ಕೊಡಬ್ಯಾಡ್ರಿ."